ಒಳಗೆ ವೈದ್ಯೆ, ಹೊರಗೆ ಕೌಂಟರು: ಕೊಡಗಿನ ಒಂದು ನರ್ಸಿಂಗ್ ಹೋಮಿನ ಗರ್ಭಪಾತ ಸೇವೆ

ಕೊಡಗಿನ ಒಂದು ಪಟ್ಟಣದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ದೊರೆಯುವ ಗರ್ಭಪಾತ ಸೇವೆಯ ವಿಮರ್ಶೆ ಇದು. ಹೋಂಸ್ಟೇ, ಪಂದಿ ಕರಿ, ಜೇನುತುಪ್ಪ, ಕಾಫಿ ಪುಡಿ ಎಲ್ಲಕ್ಕೂ ನಕ್ಷತ್ರ ಕೊಟ್ಟು ಬರೆಯುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಸೇವೆಯ ಬಗ್ಗೆ ಮಾತ್ರ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಗತ್ಯ ಬಿದ್ದವರು ಕಿವಿಯಿಂದ ಕಿವಿಗೆ ವಿಚಾರಿಸಿ ತಿಳಿದುಕೊಳ್ಳುತ್ತಾರೆ, ಹಾಗೆ ತಿಳಿದದ್ದರಲ್ಲಿ ಅರ್ಧ ತಪ್ಪಿರುತ್ತದೆ. ನರ್ಸಿಂಗ್ ಹೋಮಿನ ಹೆಸರನ್ನಾಗಲಿ ಊರನ್ನಾಗಲಿ ನಾನು ಹೇಳುವುದಿಲ್ಲ. ಆಡಳಿತದವರ ಮೇಲಿನ ದಾಕ್ಷಿಣ್ಯ ಇದಕ್ಕೆ ಕಾರಣವಲ್ಲ. ಕೊಡಗಿನಂಥ ಜಿಲ್ಲೆಯಲ್ಲಿ ಆಸ್ಪತ್ರೆ ಯಾವುದು, ಜತೆಗೆ ಹೋದವರು ಯಾರು ಎಂಬೆರಡು ಸಂಗತಿ ತಿಳಿದರೆ ಸಾಕು, ರೋಗಿ ಯಾರ ಮನೆಯವಳು ಎಂಬುದು ಮುಂದಿನ ಸಂತೆಯೊಳಗೆ ಪತ್ತೆಯಾಗಿಬಿಡುತ್ತದೆ. ಗರ್ಭಪಾತ ಮಾಡಿಸಿಕೊಂಡವಳ ಗುರುತನ್ನು ಬಿಟ್ಟುಕೊಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದು ಎಂಟಿಪಿ ಕಾಯ್ದೆಯ, ಅಂದರೆ ನಮ್ಮ ದೇಶದ ವೈದ್ಯಕೀಯ ಗರ್ಭಪಾತ ಕಾಯ್ದೆಯ, 5ಎ ಕಲಮು ಹೇಳುತ್ತದೆ. ಆ ಕಲಮು ಜತೆಗೆ ಹೋದ ನನ್ನಂಥ ಚಿಕ್ಕಮ್ಮಂದಿರಿಗೆ ಅನ್ವಯಿಸುವುದಿಲ್ಲ ನಿಜ, ಆದರೂ ಅದರ ಆಶಯವನ್ನು ನಾನು ಪಾಲಿಸುತ್ತೇನೆ.

ಸೇವೆ ಪಡೆದವಳು ನನ್ನ ಅಕ್ಕನ ಮಗಳು. ಗಂಡನ ಕೆಲಸದ ನಿಮಿತ್ತ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಕೌಂಟಿಯಲ್ಲಿ ನೆಲೆಸಿದ್ದಾಳೆ. ಹಬ್ಬವೊಂದಕ್ಕೆ ಮಗುವಿನೊಂದಿಗೆ ತವರಿಗೆ ಬಂದಿದ್ದಾಗ ಗರ್ಭಿಣಿಯೆಂದು ತಿಳಿಯಿತು. ಬಳಸುತ್ತಿದ್ದ ಗರ್ಭನಿರೋಧಕ ಕೈಕೊಟ್ಟಿತ್ತು. ಗಂಡ ಹೆಂಡತಿ ಫೋನಿನಲ್ಲಿ ಮಾತಾಡಿಕೊಂಡು ಬೇಡವೆಂದು ತೀರ್ಮಾನಿಸಿದರು. ಆ ತೀರ್ಮಾನ ಅವರಿಬ್ಬರದು, ಅದರ ಸರಿತಪ್ಪು ಈ ಬರಹದ ವಿಷಯವಲ್ಲ. ಬರೆಯಲು ಆಕೆಯ ಒಪ್ಪಿಗೆ ಇದೆ. ವಕೀಲಿ ವೃತ್ತಿಯಲ್ಲಿರುವ ನನ್ನನ್ನು ಜತೆಗೆ ಕರೆದದ್ದು ಆಕೆಯೇ.

ಟೆಕ್ಸಾಸಿನ ಮಾತನ್ನು ಇಲ್ಲಿ ಎತ್ತದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಆಕೆ ನಮ್ಮೂರ ನರ್ಸಿಂಗ್ ಹೋಮಿನ ಪ್ರತಿಯೊಂದು ನಡೆಯನ್ನೂ ಅಲ್ಲಿಯದರೊಂದಿಗೆ ತೂಗಿ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿದ ರಾತ್ರಿಯೇ ಆಕೆ ತನ್ನ ಅಲ್ಲಿಯ ಚಿಕಿತ್ಸಾಲಯಕ್ಕೆ ಮೊಬೈಲಿನಿಂದ ಸಂದೇಶ ಕಳುಹಿಸಿ, ತನ್ನ ಮುಂದಿರುವ ದಾರಿಗಳೇನು ಎಂದು ಕೇಳಿದ್ದಳು. ಅಭಿನಂದನೆ ಹೇಳಿ, ಎಂಟನೆಯ ವಾರ ಕಳೆದ ಮೇಲೆ ಮೊದಲ ಭೇಟಿಗೆ ಬರಬೇಕೆಂದು ತಿಳಿಸುವ ಉತ್ತರ ಬಂದಿತು. ಕೇಳಿದ ಪ್ರಶ್ನೆಗೆ ಅದರಲ್ಲಿ ಒಂದಕ್ಷರದ ಉತ್ತರವೂ ಇರಲಿಲ್ಲ. ಆ ಮೌನದ ಹಿಂದೆ ಇರುವ ಕಾನೂನನ್ನು ನೋಡಿದರೆ ಉತ್ತರ ಬರೆದ ದಾದಿಯನ್ನು ದೂರಲು ಮನಸ್ಸಾಗುವುದಿಲ್ಲ.

ಗರ್ಭಪಾತದ ವಿಚಾರದಲ್ಲಿ ಅಮೆರಿಕದ ಬಾಗಿಲನ್ನು ತೆರೆಸಿದ್ದೂ ಟೆಕ್ಸಾಸೇ, ಮುಚ್ಚುವುದರಲ್ಲಿ ಮುಂದೆ ನಿಂತದ್ದೂ ಟೆಕ್ಸಾಸೇ. 1973ರ ಜನವರಿ 22ರಂದು ಅಲ್ಲಿಯ ಸುಪ್ರೀಂ ಕೋರ್ಟು ನೀಡಿದ ರೋ ವಿರುದ್ಧ ವೇಡ್ ತೀರ್ಪಿನಲ್ಲಿ ವೇಡ್ ಎನ್ನುವವರು ಇದೇ ಡಲ್ಲಾಸ್ ಕೌಂಟಿಯ ಸರ್ಕಾರಿ ಅಭಿಯೋಜಕರಾಗಿದ್ದ ಹೆನ್ರಿ ವೇಡ್. ತಾಯಿಯ ಜೀವ ಉಳಿಸುವುದಕ್ಕಲ್ಲದೆ ಬೇರೆ ಯಾವ ಕಾರಣಕ್ಕೂ ಗರ್ಭಪಾತ ಕೂಡದೆನ್ನುತ್ತಿದ್ದ ಟೆಕ್ಸಾಸಿನ ಹಳೆಯ ಕಾಯ್ದೆಯನ್ನು ಆ ತೀರ್ಪು ತೊಡೆದುಹಾಕಿ, ಇಡೀ ದೇಶದ ಹೆಂಗಸರಿಗೆ ಸಾಂವಿಧಾನಿಕ ರಕ್ಷಣೆ ಕೊಟ್ಟಿತು. ರಾಜ್ಯದ ಶಾಸಕಾಂಗ ಅದನ್ನು ಮನಸಾರೆ ಒಪ್ಪಿಕೊಳ್ಳಲೇ ಇಲ್ಲ. 2013ರಲ್ಲಿ, ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ರೋಗಿಯನ್ನು ದಾಖಲಿಸುವ ಅಧಿಕಾರವಿಲ್ಲದ ವೈದ್ಯರು ಗರ್ಭಪಾತ ಮಾಡುವಂತಿಲ್ಲ, ಚಿಕಿತ್ಸಾಲಯಗಳೂ ಶಸ್ತ್ರಚಿಕಿತ್ಸಾ ಕೇಂದ್ರದ ಮಟ್ಟದಲ್ಲಿರಬೇಕು ಎಂದು ಷರತ್ತು ಹಾಕಿತು. ನಲವತ್ತರ ಆಸುಪಾಸಿನಲ್ಲಿದ್ದ ಚಿಕಿತ್ಸಾಲಯಗಳು ಅರ್ಧಕ್ಕೆ ಇಳಿದವು. ಆ ಷರತ್ತುಗಳನ್ನು 2016ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತಾದರೂ ಬೀಗ ಬಿದ್ದ ಚಿಕಿತ್ಸಾಲಯಗಳಲ್ಲಿ ಹೆಚ್ಚಿನವು ಮತ್ತೆ ತೆರೆಯಲಿಲ್ಲ.

2021ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಎಸ್‌ಬಿ 8 ಕಾಯ್ದೆ ಇನ್ನೂ ಚತುರವಾದದ್ದು. ಭ್ರೂಣದ ಹೃದಯದ ಮಿಡಿತ ಕಂಡ ಮೇಲೆ, ಅಂದರೆ ಸುಮಾರು ಆರು ವಾರದ ನಂತರ, ಗರ್ಭಪಾತ ಮಾಡಿದವರ ಮೇಲೂ ಅದಕ್ಕೆ ನೆರವಾದವರ ಮೇಲೂ ಯಾವ ಖಾಸಗಿ ವ್ಯಕ್ತಿ ಬೇಕಾದರೂ ದಾವೆ ಹೂಡಿ ಕನಿಷ್ಠ 10,000 ಡಾಲರ್ ಗೆದ್ದುಕೊಳ್ಳಬಹುದೆಂದು ಅದು ವಿಧಿಸಿತು. ಸರ್ಕಾರವು ತಾನು ದೂರ ನಿಂತು ನೆರೆಹೊರೆಯವರ ಕೈಗೆ ಕೋಲು ಕೊಟ್ಟ ಈ ಏರ್ಪಾಡನ್ನು ಓದಿದಾಗ, ವಕೀಲಳಾಗಿ ಅದನ್ನು ರಚಿಸಿದವರ ಕೌಶಲಕ್ಕೆ ತಲೆದೂಗಿದೆ. ಹೆಣ್ಣಾಗಿ ಮೈ ಉರಿಯಿತು. ಮರುವರ್ಷ ಜೂನ್ 24ರಂದು ಡಾಬ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರೋ ತೀರ್ಪನ್ನೇ ತೆಗೆದುಹಾಕಿತು. ಅದಕ್ಕೆಂದೇ ಕಾಯ್ದಿರಿಸಿದ್ದ ಟೆಕ್ಸಾಸಿನ ಇನ್ನೊಂದು ಕಾಯ್ದೆ 2022ರ ಆಗಸ್ಟ್ 25ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಗರ್ಭಪಾತ ಮಾಡಿದ ವೈದ್ಯರಿಗೆ 5ರಿಂದ 99 ವರ್ಷಗಳವರೆಗೆ ಅಥವಾ ಜೀವಾವಧಿ ಸೆರೆವಾಸ, ಕನಿಷ್ಠ 1 ಲಕ್ಷ ಡಾಲರ್ ದಂಡ, ವೈದ್ಯ ಪರವಾನಗಿಯ ರದ್ದತಿ. ಅತ್ಯಾಚಾರಕ್ಕೆ ವಿನಾಯಿತಿ ಇಲ್ಲ, ಬದುಕಲಾರದ ಭ್ರೂಣಕ್ಕೂ ಇಲ್ಲ. ತಾಯಿಯ ಜೀವಕ್ಕೆ ಅಥವಾ ದೇಹದ ಮುಖ್ಯ ಕಾರ್ಯವೊಂದಕ್ಕೆ ಗಂಭೀರ ಅಪಾಯವಿದ್ದಾಗ ಮಾತ್ರ ಉಂಟು. ಗರ್ಭಿಣಿಗೆ ಈ ಕಾಯ್ದೆಯಡಿ ಶಿಕ್ಷೆಯಿಲ್ಲ ಎನ್ನುವುದನ್ನೂ ಹೇಳಬೇಕು. ಶಿಕ್ಷೆಯ ಭಯವನ್ನೆಲ್ಲ ವೈದ್ಯರ ಮೇಲೆ ಹೊರಿಸಿರುವುದರಿಂದ, ಎಷ್ಟು ಅಪಾಯವಾದರೆ ಕೈಹಾಕಬಹುದು ಎಂದು ಅವರು ಕಾಯುತ್ತ ಕೂರಬೇಕಾಗಿದೆ.

ಆ ಕಾಯುವಿಕೆಯಲ್ಲಿ ಏನಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬೆಳಗಾವಿಯ ಮನೆಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಹೀಗೆಯೇ: ಗರ್ಭ ಉಳಿಯುವುದಿಲ್ಲವೆಂದು ಗೊತ್ತಿದ್ದರೂ ಭ್ರೂಣದ ಹೃದಯ ಮಿಡಿಯುತ್ತಿದೆಯೆಂದು ಗರ್ಭಪಾತ ಮಾಡಲಿಲ್ಲ, ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತು. ಐರ್ಲೆಂಡು 2018ರ ಜನಮತಗಣನೆಯಲ್ಲಿ ತನ್ನ ಸಂವಿಧಾನವನ್ನೇ ತಿದ್ದಿಕೊಂಡಿತು. ಟೆಕ್ಸಾಸಿನಲ್ಲಿ ಅಮಾಂಡಾ ಜುರಾವ್‌ಸ್ಕಿ ಎಂಬಾಕೆ ಅವಧಿಗೆ ಬಹಳ ಮೊದಲೇ ನೀರು ಒಡೆದು, ನಂಜೇರುವವರೆಗೆ ಕಾದು, ಬದುಕಿ ಬಂದು, ಇತರ ಹೆಂಗಸರೊಂದಿಗೆ ಸೇರಿ ರಾಜ್ಯದ ಮೇಲೆ ದಾವೆ ಹೂಡಿದರು. 2024ರ ಮೇ 31ರಂದು ರಾಜ್ಯದ ಸುಪ್ರೀಂ ಕೋರ್ಟು ಅವರ ವಿರುದ್ಧವೇ ತೀರ್ಪಿತ್ತಿತು. ಅದಕ್ಕೂ ಮೊದಲು, 2023ರ ಡಿಸೆಂಬರಿನಲ್ಲಿ, ಡಲ್ಲಾಸ್ ಸೀಮೆಯ ಕೇಟ್ ಕಾಕ್ಸ್ ಎಂಬ ಎರಡು ಮಕ್ಕಳ ತಾಯಿಯ ಗರ್ಭದಲ್ಲಿದ್ದ ಭ್ರೂಣಕ್ಕೆ ಟ್ರೈಸೋಮಿ 18 ಎಂಬ ಮಾರಕ ದೋಷ ಪತ್ತೆಯಾದಾಗ ಕೆಳಗಿನ ನ್ಯಾಯಾಲಯ ಅನುಮತಿ ಕೊಟ್ಟಿತು. ಅನುಮತಿಯನ್ನು ನಂಬಿ ಕೈಹಾಕಿದರೆ ಕ್ರಮ ತಪ್ಪದೆಂದು ರಾಜ್ಯದ ಅಟಾರ್ನಿ ಜನರಲ್ ಆಸ್ಪತ್ರೆಗಳಿಗೆ ಪತ್ರ ಬರೆದರು. ನಾಲ್ಕೇ ದಿನದಲ್ಲಿ ಮೇಲಿನ ನ್ಯಾಯಾಲಯ ಆ ಅನುಮತಿಯನ್ನು ತಳ್ಳಿಹಾಕಿತು. ಆಕೆ ಅಷ್ಟರಲ್ಲಿ ರಾಜ್ಯ ಬಿಟ್ಟು ಹೊರಟಾಗಿತ್ತು.

ರಾಜ್ಯ ಬಿಟ್ಟು ಹೋಗುವುದೊಂದೇ ಅಲ್ಲಿ ಹೆಚ್ಚಿನವರಿಗೆ ಉಳಿದಿರುವ ದಾರಿ. ಡಲ್ಲಾಸಿನಿಂದ ಉತ್ತರಕ್ಕೆ ಕನ್ಸಾಸ್ ರಾಜ್ಯದ ವಿಚಿಟಾ ಐನೂರು ಕಿಲೋಮೀಟರಿಗೂ ಮೇಲೆ, ಪಶ್ಚಿಮಕ್ಕೆ ನ್ಯೂ ಮೆಕ್ಸಿಕೊದ ಆಲ್ಬಕರ್ಕಿ ಸಾವಿರ ಕಿಲೋಮೀಟರಿಗೂ ಮೇಲೆ. ನಡುವೆ ಸಿಗುವ ಒಕ್ಲಹೋಮದಲ್ಲಿಯೂ ನಿಷೇಧವೇ ಇದೆ. ಅಂಚೆಯಲ್ಲಿ ಮಾತ್ರೆ ತರಿಸಿಕೊಳ್ಳುವ ದಾರಿಗೆ 2025ರ ಡಿಸೆಂಬರ್ 4ರಿಂದ ಜಾರಿಯಾದ ಎಚ್‌ಬಿ 7 ಕಾಯ್ದೆ ಅಡ್ಡಗಟ್ಟಿದೆ. ಮಾತ್ರೆ ತಯಾರಿಸಿದವರು, ಟೆಕ್ಸಾಸಿಗೆ ಕಳುಹಿಸಿಕೊಟ್ಟವರ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು, ಮೊತ್ತ ಕನಿಷ್ಠ 1 ಲಕ್ಷ ಡಾಲರ್. ನನ್ನ ಅಕ್ಕನ ಮಗಳಿಗೆ ವಿಮಾನದ ಟಿಕೇಟಿಗೆ ಹಣಕ್ಕೆ ಕೊರತೆಯಿರಲಿಲ್ಲ. ಆದರೂ ತವರಿನಲ್ಲಿದ್ದಾಗಲೇ ತಿಳಿದದ್ದು ತನ್ನ ಅದೃಷ್ಟವೆಂದು ಆಕೆ ಎಣಿಸಿದಳು. ನಮ್ಮ ನರ್ಸಿಂಗ್ ಹೋಮಿನ ಮೆಟ್ಟಿಲನ್ನು ಆಕೆ ಹತ್ತಿದ್ದು ಈ ನಿರಾಳದಿಂದಲೇ.

ನಿರಾಳವಾಗಲು ಕಾನೂನಿನಲ್ಲಿ ಆಧಾರವಿದೆ. ನಮ್ಮ ಎಂಟಿಪಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1971ರ ಆಗಸ್ಟಿನಲ್ಲಿ, ಅಮೆರಿಕದ ರೋ ತೀರ್ಪಿಗಿಂತ ಒಂದೂವರೆ ವರ್ಷಕ್ಕೆ ಸಮೀಪವಾಗುವಷ್ಟು ಮೊದಲು. ಶಾಂತಿಲಾಲ್ ಷಾ ಸಮಿತಿಯ ವರದಿಯ ಮೇಲೆ ರೂಪುಗೊಂಡ ಆ ಕಾಯ್ದೆ ಹೆಣ್ಣಿನ ಹಕ್ಕಿನ ಭಾಷೆಯಲ್ಲಿ ಬರೆದದ್ದಲ್ಲ ಎಂಬುದನ್ನು ನಮ್ಮವರು ಮರೆಯುತ್ತಾರೆ. ಗರ್ಭಪಾತ ನಮ್ಮಲ್ಲಿ ಇಂದಿಗೂ ಮೂಲತಃ ಅಪರಾಧವೇ. ಮೊದಲು ದಂಡ ಸಂಹಿತೆಯ 312ನೇ ಕಲಮಿನಲ್ಲಿತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿದೆ. ಎಂಟಿಪಿ ಕಾಯ್ದೆ ಅದಕ್ಕೊಂದು ವಿನಾಯಿತಿ, ಆ ವಿನಾಯಿತಿಯ ಕೀಲಿ ಇರುವುದು ವೈದ್ಯರ ಅಭಿಪ್ರಾಯದಲ್ಲಿ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಅತ್ಯಾಚಾರಕ್ಕೀಡಾದವರು, ಅಪ್ರಾಪ್ತೆಯರು, ಗರ್ಭಿಣಿಯಾಗಿದ್ದಾಗ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಅಂಗವೈಕಲ್ಯವುಳ್ಳವರು ಮುಂತಾದ ನಿಗದಿತ ವರ್ಗದವರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಭ್ರೂಣದ ಗಂಭೀರ ದೋಷದ ಕಾರಣಕ್ಕೆ ಅದನ್ನೂ ದಾಟುವುದಾದರೆ ವೈದ್ಯಕೀಯ ಮಂಡಳಿ ಮೂರು ದಿನದೊಳಗೆ ಅಭಿಪ್ರಾಯ ಹೇಳಬೇಕು. ನಿಗದಿತ ವರ್ಗಗಳಲ್ಲಿ ಸರ್ಕಾರ ಘೋಷಿಸಿದ ವಿಪತ್ತಿನಲ್ಲಿ ಸಿಲುಕಿದ ಹೆಂಗಸರೂ ಸೇರಿದ್ದಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದ ನಮ್ಮ ಜಿಲ್ಲೆಯವರು ಈ ಒಂದು ಸಾಲನ್ನು ವಿಶೇಷವಾಗಿ ಗುರುತಿಸಿಟ್ಟುಕೊಳ್ಳಬೇಕು.

ಗರ್ಭನಿರೋಧಕ ವಿಫಲವಾದದ್ದು ಕಾಯ್ದೆ ಒಪ್ಪುವ ಕಾರಣ. ಹಿಂದೆ ಇದು ವಿವಾಹಿತೆ ಮತ್ತು ಆಕೆಯ ಪತಿಗೆ ಸೀಮಿತವಾಗಿತ್ತು. ತಿದ್ದುಪಡಿಯಲ್ಲಿ ಯಾವುದೇ ಮಹಿಳೆ ಮತ್ತು ಆಕೆಯ ಸಂಗಾತಿ ಎಂದಾಗಿದೆ. 18 ವರ್ಷ ತುಂಬಿದ, ಮಾನಸಿಕವಾಗಿ ಅಸ್ವಸ್ಥಳಲ್ಲದ ಹೆಣ್ಣಿನ ಗರ್ಭಪಾತಕ್ಕೆ ಬೇಕಾದದ್ದು ಆಕೆಯೊಬ್ಬಳ ಒಪ್ಪಿಗೆ ಎಂದು 3ನೇ ಕಲಮಿನ 4ನೇ ಉಪಕಲಮು ಮೊದಲಿನಿಂದಲೂ ಹೇಳುತ್ತ ಬಂದಿದೆ. ಗಂಡನಾಗಲಿ ಅತ್ತೆಯಾಗಲಿ ಅಪ್ಪನಾಗಲಿ ಅಲ್ಲಿ ಎಲ್ಲಿಯೂ ಬರುವುದಿಲ್ಲ.

ಇನ್ನು ಕೌಂಟರಿಗೆ ಬರೋಣ.

ನರ್ಸಿಂಗ್ ಹೋಮು ಚೊಕ್ಕಟವಾಗಿದೆ. ಗಾಡಿ ನಿಲ್ಲಿಸಲು ಜಾಗವಿದೆ, ಕುಡಿಯುವ ನೀರಿದೆ, ಶೌಚಾಲಯದಲ್ಲಿ ಚಿಲಕವೂ ಇದೆ, ಬಕೆಟ್ಟೂ ಇದೆ. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕ ಕಾನೂನಿನಂತೆ ಎದ್ದು ಕಾಣುವಲ್ಲಿ ತೂಗುತ್ತದೆ. ಗರ್ಭಪಾತ ನಡೆಸಲು ಜಿಲ್ಲಾ ಸಮಿತಿ ಕೊಟ್ಟ ಮಾನ್ಯತಾ ಪತ್ರವನ್ನೂ ಎದ್ದು ಕಾಣುವಂತೆ ಹಾಕಬೇಕು. ಅದು ಕೌಂಟರಿನ ಹಿಂದಿನ ಗೋಡೆಯಲ್ಲಿ ಗೊಬ್ಬರದಂಗಡಿಯ ಕ್ಯಾಲೆಂಡರಿನ ಮರೆಯಲ್ಲಿತ್ತು, ಚೌಕಟ್ಟಿನ ಒಂದು ಮೂಲೆ ಕಂಡದ್ದರಿಂದ ನನಗೆ ತಿಳಿಯಿತು. ಮಾನ್ಯತೆಯಿಲ್ಲದ ಕಡೆ ಗರ್ಭಪಾತ ನಡೆಸಿದರೆ 2ರಿಂದ 7 ವರ್ಷ ಕಠಿಣ ಸೆರೆವಾಸವಿದೆ. ಹಾಗಿರುವಾಗ ಹೆಮ್ಮೆಯಿಂದ ತೋರಿಸಬೇಕಾದ ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸರಿಸುವುದೇಕೆ?

ಕೌಂಟರಿನಲ್ಲಿದ್ದ ಹುಡುಗಿ ಹೆಸರು ಬರೆದುಕೊಂಡಳು, ನಂತರ ಕೊಡಗಿನ ರೂಢಿಯಂತೆ ಮನೆ ಹೆಸರು ಕೇಳಿದಳು, ನಂತರ ಕಾರಣ ಕೇಳಿದಳು. ಅಕ್ಕನ ಮಗಳು ಮೆಲ್ಲನೆ ಹೇಳಿದ್ದನ್ನು ಆಕೆ ಒಳಗಿನ ಸಿಸ್ಟರಿಗೆ ಕೇಳಿಸುವಷ್ಟು ದನಿಯೆತ್ತಿ ಎಂಟಿಪಿ ಎಂದು ಸಾರಿದಳು. ಬೆಂಚಿನ ಮೇಲಿದ್ದ ತುಂಬುಗರ್ಭಿಣಿಯರು, ಅವರ ಅತ್ತೆಯಂದಿರು ತಲೆಯೆತ್ತಿ ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆಯ ನಮೂನೆ ಬಂತು. ಸರ್ಕಾರಿ ನಮೂನೆಯ ಕೆಳಗೆ ನೇರಳೆ ಶಾಯಿಯ ರಬ್ಬರ್ ಮೊಹರು: ‘ಪತಿಯ ಒಪ್ಪಿಗೆ ಮತ್ತು ಸಹಿ’. ಆ ಗೆರೆಯ ಮೇಲೆ ಹುಡುಗಿ ಪೆನ್ಸಿಲಿನಿಂದ ಗುಣಾಕಾರದ ಚಿಹ್ನೆ ಹಾಕಿ ನಮ್ಮತ್ತ ತಿರುಗಿಸಿದಳು.

“ಗಂಡ ಎಲ್ಲಿದ್ದಾರೆ ಮೇಡಂ?”

“ಅಮೆರಿಕದಲ್ಲಿ.”

“ಹಾಗಾದ್ರೆ ಅವರು ಬಂದ ಮೇಲೆ ಬನ್ನಿ. ಇಲ್ಲಾಂದ್ರೆ ಅತ್ತೆ ಮಾವ ಯಾರಾದ್ರೂ ಬಂದು ಸೈನ್ ಹಾಕ್ಲಿ.”

“ಟೆಕ್ಸಾಸಲ್ಲಿ ಆಗಲ್ಲ ಅಂತ ಮೊದಲೇ ಹೇಳಿಬಿಡ್ತಾರೆ ಚಿಕ್ಕಮ್ಮಾ,” ಎಂದಳು ನನ್ನ ಅಕ್ಕನ ಮಗಳು. ಹುಡುಗಿಗೆ ಅದು ಅರ್ಥವಾಗಲಿಲ್ಲ. ನಾನು ಕಲಮಿನ ಸಂಖ್ಯೆ ಹೇಳಿದೆ, ಅದೂ ಅರ್ಥವಾಗಲಿಲ್ಲ. ನಾನು ವಕೀಲೆ ಎಂದದ್ದು ಮಾತ್ರ ತಕ್ಷಣ ಅರ್ಥವಾಯಿತು. ಒಳಗೆ ಹೋಗಿ ಕೇಳಿಕೊಂಡು ಬಂದು, ಡಾಕ್ಟರ್ ಕರೀತಿದ್ದಾರೆ ಎಂದಳು.

ಈ ಸೇವೆಯ ನಿಜವಾದ ಬೆಲೆ ನನಗೆ ತಿಳಿದದ್ದು ಆಮೇಲಿನ ಹತ್ತು ನಿಮಿಷದಲ್ಲಿ, ಕರೆ ಬರುವವರೆಗೆ ಬೆಂಚಿನಲ್ಲಿ ಕೂತಿದ್ದಾಗ. ನಮ್ಮ ಹಿಂದೆ ನಿಂತಿದ್ದವರು ತೋಟದ ಲೈನ್ ಮನೆಯಿಂದ ಬಂದ ಹೆಂಗಸು, ಸೊಂಟದಲ್ಲೊಂದು ಕೂಸು. ಅವರಿಗೂ ಅದೇ ನಮೂನೆ, ಅದೇ ನೇರಳೆ ಮೊಹರು. ಗಂಡ ಮರಕಸಿ ಕೆಲಸಕ್ಕೆ ಬೇರೆ ತೋಟಕ್ಕೆ ಹೋಗಿದ್ದಾರೆ, ಬರುವುದು ಯಾವಾಗಲೋ ಗೊತ್ತಿಲ್ಲ ಎಂದರು. ಅವರು ಬಂದ ಮೇಲೆ ಬಾಮ್ಮ ಎಂದಳು ಹುಡುಗಿ. ನಮಗೆ ಹೇಳಿದ್ದ ‘ಮೇಡಂ’ ಕೂಡ ಅಲ್ಲಿ ಇರಲಿಲ್ಲ. ನಾನು ಎದ್ದು ಮಾತಾಡಬೇಕೆನ್ನುವಷ್ಟರಲ್ಲಿ ಒಳಗಿನಿಂದ ನಮ್ಮ ಕರೆ ಬಂತು, ವೈದ್ಯೆಗೆ ವಿಷಯ ತಿಳಿಸಿದಾಗ ಅವರು ಆ ಹೆಂಗಸನ್ನೂ ಕರೆಸಲು ಸಿಸ್ಟರನ್ನು ಕಳುಹಿಸಿದರು. ಅಷ್ಟರಲ್ಲಿ ಅವರು ಬಸ್ಸಿಗೆ ಹೊರಟುಹೋಗಿದ್ದರು.

ವಿಷಾದವೆಂದರೆ ಗೋಡೆಯ ಆಚೆಯ ವೈದ್ಯೆ ಇಡೀ ಜಿಲ್ಲೆಗೆ ಮಾದರಿಯಾಗುವಂಥವರು. ನಮೂನೆಯನ್ನು ಕೈಗೆತ್ತಿಕೊಂಡವರೇ ಮೊಹರಿನ ಗೆರೆಯನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಿದರು. ನಂತರ ನನ್ನನ್ನು ಹೊರಗೆ ಹೋಗಲು ಹೇಳಿದರು. ನನಗೆ ಒಂದು ಕ್ಷಣ ಮುಖಭಂಗವಾದರೂ ಅದೇ ಸರಿಯಾದ ಕ್ರಮ. ಯಾರ ಒತ್ತಾಯವೂ ಇಲ್ಲದೆ ಬಂದಿದ್ದಾಳೆಯೇ ಎಂದು ಚಿಕ್ಕಮ್ಮನ ಎದುರಿನಲ್ಲಿ ಕೇಳಿದರೆ ಕೇಳಿದಂತಾಗುವುದಿಲ್ಲ. ಒಳಗೆ ನಡೆದದ್ದನ್ನು ಆಕೆಯೇ ನನಗೆ ಹೇಳಿದಳು: ಉಪದೇಶವಿರಲಿಲ್ಲ, ಇನ್ನೊಂದು ಮಗು ಇದ್ದರೆ ಚೆನ್ನ ಎಂಬ ಹಿತನುಡಿಯಿರಲಿಲ್ಲ. ಕೊನೆಯ ಮುಟ್ಟಿನ ದಿನಾಂಕ, ಹಿಂದಿನ ಹೆರಿಗೆ, ರಕ್ತದೊತ್ತಡ, ಸದ್ಯ ತೆಗೆದುಕೊಳ್ಳುತ್ತಿರುವ ಔಷಧಿಗಳು ಇಷ್ಟನ್ನು ಕೇಳಿ, ಸ್ಕ್ಯಾನಿಗೆ ಕಳುಹಿಸಿದರು. ಗರ್ಭ ಗರ್ಭಕೋಶದಲ್ಲಿಯೇ ಇದೆಯೇ, ನಾಳದಲ್ಲಿ ನಿಂತಿಲ್ಲವಷ್ಟೆ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮಾತ್ರೆ ಕೊಡುವುದು ಅಪಾಯ. ಸ್ಕ್ಯಾನಿನ ಪರದೆಯನ್ನು ಆಕೆಯ ಕಡೆಯಿಂದ ತಿರುಗಿಸಿಟ್ಟು, ನೋಡಬೇಕೆನಿಸಿದರೆ ಹೇಳಿ ಎಂದರಂತೆ. ಟೆಕ್ಸಾಸಿನಲ್ಲಿ ಗರ್ಭಪಾತಕ್ಕೆ ಅವಕಾಶವಿದ್ದ ಕಾಲದಲ್ಲಿಯೂ ಮೊದಲು ಸ್ಕ್ಯಾನು ಮಾಡಿ, ಚಿತ್ರವನ್ನು ವಿವರಿಸಿ, 24 ಗಂಟೆ ಕಾಯಿಸಬೇಕೆಂಬ ಕಾಯ್ದೆಯಿತ್ತು. ಇಲ್ಲಿಯ ಸ್ಕ್ಯಾನಿಗೆ ಚಿಕಿತ್ಸೆಯಲ್ಲದೆ ಬೇರೆ ಉದ್ದೇಶವಿರಲಿಲ್ಲ.

ಒಂಬತ್ತು ವಾರದೊಳಗಿನ ಗರ್ಭವಾದ್ದರಿಂದ ಮಾತ್ರೆಯ ವಿಧಾನ. ಚೀಟಿಯ ಹಿಂಬದಿಯಲ್ಲಿ ವೈದ್ಯೆ ತಾವೇ ಒಂದು ಪುಟ್ಟ ಕ್ಯಾಲೆಂಡರ್ ಗೀಚಿದ್ದರು: ಮೊದಲ ಮನೆಯಲ್ಲಿ ಮಿಫೆಪ್ರಿಸ್ಟೋನ್, ಅದನ್ನು ತಮ್ಮ ಎದುರಿನಲ್ಲಿಯೇ ನುಂಗಿಸಿದರು, ಮೂರನೆಯ ಮನೆಯಲ್ಲಿ ಮಿಸೊಪ್ರೊಸ್ಟಾಲ್, ಹದಿನೈದನೆಯದರಲ್ಲಿ ಮತ್ತೆ ಬಂದು ತೋರಿಸಬೇಕು ಎಂದು ಸುತ್ತು. ಪಕ್ಕದಲ್ಲಿ ಕನ್ನಡದಲ್ಲಿ, ಎರಡು ಗಂಟೆ ಎಡೆಬಿಡದೆ ಗಂಟೆಗೆ ಎರಡು ಪ್ಯಾಡ್ ನೆನೆದರೆ, ಜ್ವರ ಇಳಿಯದಿದ್ದರೆ ರಾತ್ರಿಯಾದರೂ ಬನ್ನಿ ಎಂದು ಬರೆದು, ಸಿಸ್ಟರ ಫೋನ್ ಸಂಖ್ಯೆ ಕೊಟ್ಟಿದ್ದರು. ಮೂರನೆಯ ದಿನದ ರಾತ್ರಿ ನೋವು ಹೆಚ್ಚಾದಾಗ ಆ ಸಂಖ್ಯೆಗೆ ಕರೆ ಮಾಡಿದೆವು. ಎರಡನೆಯ ರಿಂಗಿಗೆ ಸಿಸ್ಟರ್ ಎತ್ತಿಕೊಂಡು, ಎಷ್ಟು ಪ್ಯಾಡ್ ಬದಲಾಯಿಸಿದಿರಿ, ತಲೆ ಸುತ್ತುತ್ತಿದೆಯೇ ಎಂದು ಒಂದೊಂದಾಗಿ ವಿಚಾರಿಸಿ, ಬಿಸಿನೀರಿನ ಚೀಲ ಇಡಿ, ನೋವಿನ ಮಾತ್ರೆ ಇನ್ನೊಂದು ಕೊಡಿ, ಅರ್ಧ ಗಂಟೆ ಬಿಟ್ಟು ನಾನೇ ಫೋನ್ ಮಾಡ್ತೇನೆ ಎಂದರು. ಮಾಡಿಯೂ ಮಾಡಿದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಒಂದನ್ನು ಒತ್ತಿ ಎರಡನ್ನು ಒತ್ತಿ ಬೇಸತ್ತವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಹದಿನೈದನೆಯ ದಿನದ ಸ್ಕ್ಯಾನಿನಲ್ಲಿ ಎಲ್ಲವೂ ಸರಿಯಾಗಿತ್ತು. ಮುಂದೆ ಯಾವ ಗರ್ಭನಿರೋಧಕ ಹೊಂದುತ್ತದೆ ಎಂಬುದನ್ನು ಅಂದು ಸಾವಧಾನವಾಗಿ ಚರ್ಚಿಸಿದರು. ಸ್ಕ್ಯಾನು, ರಕ್ತಪರೀಕ್ಷೆ, ಮಾತ್ರೆ, ಭೇಟಿಯ ಶುಲ್ಕ ಎಲ್ಲ ಸೇರಿ ಏಳು ಸಾವಿರ ರೂಪಾಯಿಯ ಆಸುಪಾಸು ಆಯಿತು. ಡಾಲರಿನಲ್ಲಿ ಲೆಕ್ಕ ಹಾಕುವವಳಿಗೆ ಇದು ಏನೇನೂ ಅಲ್ಲ. ದಿನಗೂಲಿಗೆ ಕಾಫಿ ಕೊಯ್ಯುವವರಿಗೆ ಅರ್ಧ ತಿಂಗಳ ದುಡಿಮೆ.

ಸರ್ಕಾರಿ ಆಸ್ಪತ್ರೆಗೆ ಹೋಗಬಹುದಲ್ಲ ಎನ್ನುವವರಿದ್ದಾರೆ. ಹೋಗಬಹುದು, ಅಲ್ಲಿ ಹಣದ ಹೊರೆಯೂ ಇಲ್ಲ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜೇ ಇದೆ. ಆದರೆ ಬಿರುನಾಣಿಯ ಕಡೆಯ ಹಾಡಿಯಿಂದಲೋ ಕುಟ್ಟದ ತೋಟದ ಲೈನಿನಿಂದಲೋ ಮಡಿಕೇರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ, ಮರುಭೇಟಿಗೆ ಇನ್ನೊಂದು ದಿನ. ರೈಲೇ ಇಲ್ಲದ ಜಿಲ್ಲೆ ನಮ್ಮದು. ಗರ್ಭ ಬೆಳೆದು ಪ್ರಕರಣ ಜಟಿಲವಾದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ರಸ್ತೆಯನ್ನೇ ನಂಬಬೇಕು, ಮಂಗಳೂರಿನ ದಾರಿ ಮಳೆಗಾಲದಲ್ಲಿ ತೆರೆದಿರುತ್ತದೆಂಬ ಭರವಸೆಯಿಲ್ಲವೆಂಬುದನ್ನು ಜೋಡುಪಾಲದ ಭೂಕುಸಿತ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೌಂಟರಿನಲ್ಲಿ ವಾಪಸ್ಸು ಕಳುಹಿಸಿದ ಹೆಂಗಸು ಎರಡು ವಾರ ಬಿಟ್ಟು ಬಂದರೆ ಮಾತ್ರೆಯ ಅವಧಿ ಮುಗಿದು ಶಸ್ತ್ರಚಿಕಿತ್ಸೆಯ ಹಂತ ಬಂದಿರಬಹುದು. ಬಾರದೆಯೇ ಹೋದರೆ ಯಾರದೋ ಕೈಯಿಂದ ಯಾವುದೋ ಮಾತ್ರೆ ತರಿಸಿ ನುಂಗಿರಬಹುದು. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಭ್ರೂಣಗಳನ್ನು ಪತ್ತೆಹಚ್ಚಿ ತೆಗೆಸುತ್ತಿದ್ದ ಜಾಲ ಬಯಲಾದ ಮೇಲಂತೂ ನನಗೆ ಪರಿಚಯದ ಔಷಧಿ ಅಂಗಡಿಯವರು, ವೈದ್ಯರ ಚೀಟಿ ತೋರಿಸಿದರೂ ಈ ಮಾತ್ರೆ ಇಡುವುದಿಲ್ಲವೆಂದು ಕೈಯಾಡಿಸುತ್ತಾರೆ. ಆ ಜಾಲದವರಿಗೆ ಶಿಕ್ಷೆಯಾಗಲೇಬೇಕು. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ ಬೇರೆ, ಎಂಟಿಪಿ ಕಾಯ್ದೆ ಬೇರೆ ಎಂಬ ಭೇದ ಮಾತ್ರ ಅಂಗಡಿಯವರೆಗೂ ಕೌಂಟರಿನವರೆಗೂ ಇಳಿದು ಬಂದಿಲ್ಲ.

ಮೊಹರಿನ ಬಗ್ಗೆ ನಾನು ಆಡಳಿತಕ್ಕೆ ಲಿಖಿತವಾಗಿ ಕೇಳಿದೆ. ಅವಿವಾಹಿತ ಯುವತಿಯೊಬ್ಬರ ಪ್ರಕರಣದಲ್ಲಿ 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪನ್ನು ಪತ್ರದಲ್ಲಿ ಉಲ್ಲೇಖಿಸಿದ್ದೆ. ಕಾನೂನಿನಲ್ಲಿಲ್ಲದ ಷರತ್ತುಗಳನ್ನು, ಅದರಲ್ಲಿಯೂ ಮನೆಯವರ ಒಪ್ಪಿಗೆಯನ್ನು, ವೈದ್ಯರು ಕೇಳಬಾರದೆಂದು ಆ ತೀರ್ಪು ಸ್ಪಷ್ಟವಾಗಿ ಹೇಳಿದೆ. ಆ ಪೀಠದಲ್ಲಿದ್ದ ಮೂವರಲ್ಲಿ ಒಬ್ಬರು ನಮ್ಮ ಕೊಡಗಿನವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಎಂಬುದನ್ನೂ ಬರೆದಿದ್ದೆ. ಕಾನೂನಿಗೆ ಅದರಿಂದ ಹೆಚ್ಚಿನ ಬಲವೇನೂ ಬರುವುದಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಊರಿನ ಅಭಿಮಾನ ಕೆಲಸ ಮಾಡುವಷ್ಟು ಕಲಮು ಕೆಲಸ ಮಾಡುವುದಿಲ್ಲ. ಗಂಡಂದಿರು ಬಂದು ಗಲಾಟೆ ಮಾಡಿದ ಪ್ರಸಂಗಗಳಿಂದಾಗಿ ಆಸ್ಪತ್ರೆಯ ರಕ್ಷಣೆಗೆಂದು ಮೊಹರು ಮಾಡಿಸಿದ್ದು, ಒತ್ತಾಯವೇನಿಲ್ಲ ಎಂಬ ಉತ್ತರ ಬಂದಿತು. ಗಲಾಟೆಯ ಭಯ ಸುಳ್ಳಲ್ಲ, ಸಣ್ಣ ಊರಿನಲ್ಲಿ ವೈದ್ಯರಿಗೆ ಬೆನ್ನಿಗೆ ಯಾರೂ ಇರುವುದಿಲ್ಲ. ಆದರೆ ಒತ್ತಾಯವಿಲ್ಲದ ಗೆರೆಯ ಮೇಲೆ ಪೆನ್ಸಿಲಿನ ಚಿಹ್ನೆ ಏಕೆ ಎಂದು ನಾನು ಮತ್ತೆ ಬರೆದದ್ದಕ್ಕೆ ಈವರೆಗೆ ಉತ್ತರವಿಲ್ಲ.

ನಕ್ಷತ್ರ ಕೊಡುವುದಾದರೆ ವೈದ್ಯೆ ಮತ್ತು ಸಿಸ್ಟರಿಗೆ ಐದಕ್ಕೆ ಐದು, ಶುಚಿತ್ವಕ್ಕೆ ನಾಲ್ಕು, ಗೋಪ್ಯತೆಗೆ ಒಂದು. ಕೌಂಟರಿಗೆ ಕೊಡಲು ನನ್ನಲ್ಲಿ ಏನೂ ಇಲ್ಲ. ಸರಾಸರಿ ತೆಗೆದು ಮೂರೋ ಮೂರೂವರೆಯೋ ಎನ್ನಬಹುದಿತ್ತು, ಆದರೆ ವೈದ್ಯೆಯ ಕೋಣೆಯನ್ನು ತಲುಪಲಾರದ ಹೆಂಗಸಿನ ಪಾಲಿಗೆ ಆ ಐದು ನಕ್ಷತ್ರ ಇಲ್ಲವೇ ಇಲ್ಲ. ಟೆಕ್ಸಾಸಿನಲ್ಲಿ ಶಾಸನ ಸಭೆ ಬಹಿರಂಗವಾಗಿ ಮಾಡಿದ್ದನ್ನು ಇಲ್ಲಿ ಒಂದು ರಬ್ಬರ್ ಮೊಹರು ಸದ್ದಿಲ್ಲದೆ ಮಾಡುತ್ತಿದೆ ಎಂದರೆ ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ವಾಪಸ್ಸು ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲವಾದ್ದರಿಂದ ಅದನ್ನು ಅಲ್ಲಗಳೆಯುವುದೂ ಅಷ್ಟು ಸುಲಭವಲ್ಲ.

ಹೋಗುವವರಿಗೆ ಕೆಲವು ಮಾತು. ವಯಸ್ಸಿನ ದಾಖಲೆ, ರಕ್ತದ ಗುಂಪಿನ ಚೀಟಿ, ಹಳೆಯ ಹೆರಿಗೆಯ ಕಾಗದಪತ್ರಗಳಿದ್ದರೆ ಜತೆಗೆ ಒಯ್ಯಿರಿ. ಕೊನೆಯ ಮುಟ್ಟಿನ ದಿನಾಂಕ ನೆನಪಿಟ್ಟುಕೊಳ್ಳಿ, ಏಕೆಂದರೆ ವಾರಗಳ ಎಣಿಕೆ ಆರಂಭವಾಗುವುದು ಅಲ್ಲಿಂದಲೇ. ಗಂಡನ ಸಹಿ ಕೇಳಿದರೆ ಕೌಂಟರಿನಲ್ಲಿ ವಾದಕ್ಕೆ ನಿಲ್ಲದೆ, ವೈದ್ಯರನ್ನು ನೇರವಾಗಿ ಕಾಣಬೇಕೆಂದಷ್ಟೇ ಹೇಳಿ. 18 ವರ್ಷ ತುಂಬದ ಹುಡುಗಿಯಾದರೆ ಪೋಷಕರ ಒಪ್ಪಿಗೆ ಬೇಕು. ವೈದ್ಯರು ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ, ಹಾಗೆ ತಿಳಿಸುವಾಗ ಹುಡುಗಿಯೂ ಪೋಷಕರೂ ಕೋರಿದರೆ ಆಕೆಯ ಹೆಸರು ಹೇಳಬೇಕಿಲ್ಲವೆಂದು ಅದೇ 2022ರ ತೀರ್ಪಿನಲ್ಲಿದೆ. ವೈದ್ಯೆ ಕೂರುವುದು ಬೆಳಗಿನ ಹೊತ್ತು ಮಾತ್ರ, ಭಾನುವಾರ ರಜೆ. ಸಂತೆಯ ದಿನ ಬೆಂಚು ತುಂಬಿರುತ್ತದೆ, ಆ ದಿನವನ್ನು ಬಿಟ್ಟು ಹೋಗುವುದು ಒಳ್ಳೆಯದು.